ಕೂಸು ಯಾರ ಕಡೆ?

ಗಂಗೆ ಶಂತನುವನ್ನು ಬಿಟ್ಟು ಹೋಗುವಾಗ ಎಂಟನೆಯ ಮಗುವನ್ನು ಜೊತೆಗೇ ಕರೆದೊಯ್ದಳು. ವರ್ಷಗಳ ನಂತರ ಹೊಳೆಯ ದಂಡೆಯಲ್ಲಿ, ಬಾಣಗಳಿಂದ ನೀರಿಗೆ ಒಡ್ಡು ಕಟ್ಟಿ ನಿಂತ ಹುಡುಗನೊಬ್ಬ ಶಂತನುವಿನ ಕಣ್ಣಿಗೆ ಬಿದ್ದ. ತಂದೆಗೆ ಮಗನ ಗುರುತು ಹತ್ತಲಿಲ್ಲ; ಹುಟ್ಟಿದಾಗ ನೋಡಿದ್ದಷ್ಟೇ. ಆಮೇಲೆ ಗಂಗೆಯೇ ಬಂದು, ಇವನು ನಿನ್ನ ಮಗ, ವಸಿಷ್ಠರಲ್ಲಿ ವೇದ ಕಲಿತಿದ್ದಾನೆ, ಪರಶುರಾಮನ ಅಸ್ತ್ರವಿದ್ಯೆ ಬಲ್ಲ ಎಂದು ಹೇಳಿ ಒಪ್ಪಿಸಿದಳು. ವ್ಯಾಸಭಾರತದ ಆದಿಪರ್ವದ ಈ ಭಾಗವನ್ನು ಭೀಷ್ಮನ ಪೂರ್ವಕಥೆಯೆಂದು ಓದಿ ಮುಂದೆ ಹೋಗುವುದು ನಮ್ಮ ರೂಢಿ. ನನಗಿದು ಬೇರೆಯಾದ ಗಂಡ ಹೆಂಡಿರ ನಡುವೆ ಕೈ ಬದಲಾದ ಮಗುವಿನ ಕಥೆಯಾಗಿಯೂ ಕಾಣುತ್ತದೆ.

ಇಲ್ಲಿ ಖಳರಿಲ್ಲ. ಏಳು ಮಕ್ಕಳು ನೀರು ಪಾಲಾದ ಮೇಲೆ ಎಂಟನೆಯದನ್ನು ಉಳಿಸಲು ಬಾಯಿ ತೆರೆದವನು ತಂದೆ. ಹಾಗೆ ಬಾಯಿ ತೆರೆದುದಕ್ಕೇ ಆ ಮಗುವನ್ನು ಕಳೆದುಕೊಂಡವನೂ ಅವನೇ. ಮಗುವನ್ನು ಒಯ್ದ ತಾಯಿ ಅದನ್ನು ಚೆನ್ನಾಗಿಯೇ ಸಾಕಿದಳು. ಆದರೆ ಹುಡುಗನನ್ನು ಯಾರೂ ಏನನ್ನೂ ಕೇಳುವುದಿಲ್ಲ. ಶಂತನುವಿನ ಅಚ್ಚರಿ ನಮಗೆ ತಿಳಿಯುತ್ತದೆ, ಗಂಗೆಯ ಮಾತು ಕೇಳುತ್ತದೆ. ದೇವವ್ರತ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಾನೆ, ಅಷ್ಟೆ. ಅವನ ದೊಡ್ಡ ಮಾತು ನಾವು ಕೇಳುವುದು ಮುಂದೆ, ತಂದೆಯ ಎರಡನೆಯ ಮದುವೆಗಾಗಿ ರಾಜ್ಯವನ್ನೂ ಸಂಸಾರವನ್ನೂ ಬಿಡುತ್ತೇನೆಂದು ಅವನು ಆಣೆ ಮಾಡಿದಾಗ. ಆ ಪ್ರತಿಜ್ಞೆಯನ್ನು ನಾವು ಹೊಗಳಿಕೊಂಡು ಬಂದಿದ್ದೇವೆ. ದೊಡ್ಡವರ ಇಷ್ಟಕ್ಕೆ ತನ್ನ ಇಷ್ಟ ಬಿಟ್ಟುಕೊಡುವುದನ್ನು ಈ ಹುಡುಗ ಎಲ್ಲಿ ಕಲಿತ ಎಂದು ಕೇಳಿಲ್ಲ.

ಕುಮಾರವ್ಯಾಸನ ಭಾರತ ಊರಿನ ಹೆಸರಿನಿಂದಲೇ ಗದುಗಿನ ಭಾರತ. ಹತ್ತಿರದ ಲಕ್ಷ್ಮೇಶ್ವರ, ಅಂದರೆ ಹಳೆಯ ಪುಲಿಗೆರೆ, ಪಂಪನ ಕನ್ನಡದ ನೆಲ. ಎರಡು ಭಾರತಗಳ ನಡುವೆ ಬೆಳೆದ ನಮಗೆ ಇಂಥ ಪ್ರಶ್ನೆ ಮೊದಲೇ ಹೊಳೆಯಬೇಕಿತ್ತು. ಯಾಕೆಂದರೆ ಈ ಕಥೆ ನಮ್ಮ ಓಣಿಗಳಲ್ಲೂ ನಡೆಯುತ್ತದೆ. ಶಿರಹಟ್ಟಿಯ ಗಂಡನ ಮನೆ ಬಿಟ್ಟು ಮುಂಡರಗಿಯ ತವರಿಗೆ ಬಂದವಳ ಕೂಸನ್ನು ಅಪ್ಪ ಶಾಲೆಯ ಬಾಗಿಲಿನಿಂದಲೇ ಬೈಕಿನ ಮೇಲೆ ಕೂಡಿಸಿಕೊಂಡು ಹೋದ ಎಂಬಂಥ ಸುದ್ದಿ ಈ ಕಡೆಯವರಿಗೆ ಹೊಸದಲ್ಲ. ಹಿರಿಯರು ಕೂಡುತ್ತಾರೆ, ‘ಕೂಸು ಯಾರ ಕಡೆ ಇರಬೇಕು?’ ಎಂದು ಚರ್ಚೆಯಾಗುತ್ತದೆ. ಕೊನೆಗೆ ಕೂಸನ್ನೇ ನಡುವೆ ನಿಲ್ಲಿಸಿ, ‘ಅವ್ವ ಬೇಕೋ, ಅಪ್ಪ ಬೇಕೋ?’ ಎನ್ನುತ್ತಾರೆ. ತೊಡೆಯ ಮೇಲಿನ ಮಗುವಿಗೆ ನಾವು ನಗೆಚಾಟಿಕೆಗೆ ಕೇಳುವ ಪ್ರಶ್ನೆಯೇ ಅಲ್ಲಿ ತೀರ್ಪಿನ ಪ್ರಶ್ನೆಯಾಗುತ್ತದೆ.

ಈಗ ಬೆಟಗೇರಿಯ ಓಣಿಗಳಿಂದಲೂ ಮಕ್ಕಳು ಅಮೆರಿಕ, ಇಂಗ್ಲೆಂಡಿಗೆ ಹೋಗುತ್ತಾರೆ. ಅಲ್ಲಿ ಸಂಸಾರ ಮುರಿದರೆ ತವರಿಗೂ ಗಂಡನ ಮನೆಗೂ ನಡುವಿನ ದಾರಿ ಬಸ್ಸಿನದಲ್ಲ. ನಡುವೆ ವೀಸಾ ಇದೆ, ಎರಡು ದೇಶಗಳ ಕಾನೂನಿದೆ. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣವನ್ನು ನೋಡಿ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಹುಡುಗನನ್ನು ತಾಯಿ 2020ರ ಮಾರ್ಚಿನಲ್ಲಿ ಬೆಂಗಳೂರಿಗೆ ಕರೆತಂದರು. ತಂದೆ ಅಲ್ಲಿಯ ನ್ಯಾಯಾಲಯಕ್ಕೂ, ಹೇಬಿಯಸ್ ಕಾರ್ಪಸ್ ಅರ್ಜಿಯೊಂದಿಗೆ ನಮ್ಮ ಹೈಕೋರ್ಟಿಗೂ ಹೋದರು. ಹೈಕೋರ್ಟಿನಲ್ಲಿ ಅವರಿಗೆ ಮಗ ಸಿಗಲಿಲ್ಲ. 2022ರ ಜುಲೈ 29ರಂದು ನ್ಯಾಯಮೂರ್ತಿಗಳಾದ ಎ.ಎಂ. ಖಾನ್ವಿಲ್ಕರ್ ಮತ್ತು ಸಿ.ಟಿ. ರವಿಕುಮಾರ್ ಅವರ ಪೀಠ ಹುಡುಗ ಅಮೆರಿಕಕ್ಕೆ ಮರಳಬೇಕೆಂದಿತು. ಮಗುವಿನ ಇಷ್ಟ ಏನು ಎಂಬುದು ಒಂದು ಪ್ರಶ್ನೆ, ಅದರ ಹಿತ ಯಾವುದರಲ್ಲಿದೆ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದನ್ನು ಮಾತಾಡಿಸಿ ತಿಳಿಯಬಹುದು, ಎರಡನೆಯದನ್ನು ನಿರ್ಧರಿಸುವುದು ನ್ಯಾಯಾಲಯದ ಹೊಣೆ ಎಂಬುದು ಆ ತೀರ್ಪಿನ ತಿರುಳು.

ಈ ವ್ಯತ್ಯಾಸವನ್ನು ನಾನು ಒಪ್ಪುತ್ತೇನೆ. ಎರಡು ವರ್ಷ ಒಬ್ಬರ ಜೊತೆಗಷ್ಟೇ ಇದ್ದ ಮಗು ಅವರೇ ಬೇಕೆನ್ನುವುದು ಸಹಜ. ಅದನ್ನೇ ಕೊನೆಯ ಮಾತೆಂದು ಹಿಡಿದರೆ, ಮೊದಲು ಎತ್ತಿಕೊಂಡು ಹೋದವರೇ ಗೆಲ್ಲುತ್ತಾರೆ. ಆದರೆ ಒಂದು ಬರಹವಾಗಿ ಈ ತೀರ್ಪನ್ನು ಓದಿದಾಗ ನನಗೆ ಕೊರತೆ ಕಾಣುತ್ತದೆ. ಹುಡುಗನ ಪೂರ್ತಿ ಹೆಸರು ಅದರಲ್ಲಿದೆ. ಅವನ ಇಷ್ಟ ಮಾತ್ರ ದೊಡ್ಡವರ ವಾಕ್ಯದೊಳಗೆ, ತೂಗಿ ಬದಿಗಿಡಬೇಕಾದ ಒಂದು ಅಂಶವಾಗಿ ಬರುತ್ತದೆ. ಬೆಳೆದ ಮೇಲೆ ಅವನು ತನ್ನ ಹೆಸರು ಹುಡುಕಿದರೆ ಸಿಗುವುದು ತಂದೆ ತಾಯಿಯ ವ್ಯಾಜ್ಯ. ಇಲ್ಲಿ ಯಾರ ಹೆಸರನ್ನೂ ನಾನು ಬರೆಯದಿರುವುದು ಅದಕ್ಕೇ.

ನಮ್ಮ ಭಾಷೆಯೂ ನೆರವಿಗೆ ಬರುವುದಿಲ್ಲ. ಗಾಂಜಾ ಪೊಲೀಸರ ವಶಕ್ಕೆ, ಆರೋಪಿ ವಶಕ್ಕೆ, ಮಗು ತಾಯಿಯ ವಶಕ್ಕೆ: ಪತ್ರಿಕೆಯ ಒಂದೇ ಪುಟದಲ್ಲಿ ಒಂದೇ ಶಬ್ದ ಮೂರಕ್ಕೂ ದುಡಿಯುತ್ತದೆ. ‘ಪಾಲನೆ’ ಎಂಬ ಒಳ್ಳೆಯ ಮಾತು ಕೈಯಲ್ಲೇ ಇದೆ. ವಶದಲ್ಲಿ ಇಟ್ಟುಕೊಂಡವರು ಮಾತ್ರ ಕಾಣುತ್ತಾರೆ. ಪಾಲನೆಯಲ್ಲಿ ಬೆಳೆಯುವ ಮಗುವೂ ಕಾಣುತ್ತದೆ.

ಮಕ್ಕಳ ಅಂತರರಾಷ್ಟ್ರೀಯ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಸೇರಬೇಕೆಂದು ಕಾನೂನು ಆಯೋಗ 2009ರಲ್ಲಿ ತನ್ನ 218ನೆಯ ವರದಿಯಲ್ಲಿ ಹೇಳಿತು. 2018ರಲ್ಲಿ ನ್ಯಾಯಮೂರ್ತಿ ರಾಜೇಶ್ ಬಿಂದಲ್ ಸಮಿತಿಯೂ ವರದಿ ಕೊಟ್ಟಿತು. ಹಿಂಜರಿಕೆಗೆ ಕಾರಣವಿದೆ: ಪರದೇಶದಲ್ಲಿ ಹೊಡೆತ ತಿಂದು, ಗಂಡನ ವೀಸಾದ ಮೇಲೆ ಬದುಕಿ, ಕೂಸನ್ನು ಕಟ್ಟಿಕೊಂಡು ತವರಿಗೆ ಓಡಿಬಂದ ತಾಯಿಯನ್ನೂ ಅಪಹರಣಕಾರಳು ಎನ್ನಬೇಕೇ? ಮರಳಿಸಿದರೆ ಮಗುವಿಗೆ ಗಂಭೀರ ಅಪಾಯವಿದೆ ಎಂದು ತೋರಿಸಿದರೆ ಒಪ್ಪಂದದ 13ನೆಯ ವಿಧಿ ದಾರಿ ಬಿಡುತ್ತದೆ. ಆದರೆ ಅದನ್ನು ಒಪ್ಪಿಸುವ ಭಾರ ಬೀಳುವುದು ಆ ತಾಯಿಯ ಮೇಲೆಯೇ. ಪರದೇಶದ ಆದೇಶ ಒಂದು ಅಂಶ ಮಾತ್ರ, ಮಗುವಿನ ಹಿತವೇ ಮೇಲು ಎಂದು 2017ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಮೂವರ ಪೀಠ ಹೇಳಿದ್ದು ಸರಿಯಾಗಿಯೇ ಇದೆ. ಆದರೆ ಒಪ್ಪಂದವಿಲ್ಲದ ಕಡೆ ಪ್ರತಿ ಪ್ರಕರಣವೂ ಹೊಸದಾಗಿ ಶುರುವಾಗುತ್ತದೆ, ವರ್ಷಗಳು ಹಿಡಿಯುತ್ತವೆ. ಅಷ್ಟರಲ್ಲಿ ತಂದೆಗೋ ತಾಯಿಗೋ ಮಗುವಿನ ಗುರುತು ಸಿಗದಂತಾಗುತ್ತದೆ.

ಸೇರುವುದೋ ಬಿಡುವುದೋ ಎಂಬ ವಾದದಲ್ಲಿ ಮರೆತುಹೋಗುವುದು, ಭಾರತ ಆಗಲೇ ಒಪ್ಪಿರುವ ಇನ್ನೊಂದು ಮಾತು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ನಾವು 1992ರಲ್ಲಿ ಸೇರಿದ್ದೇವೆ. ಅದರ 9ನೆಯ ವಿಧಿ, ಮಗುವಿನ ಹಿತಕ್ಕೆ ವಿರುದ್ಧವಾಗದಿದ್ದರೆ, ತಂದೆ ತಾಯಿ ಇಬ್ಬರ ಜೊತೆಗೂ ಸಂಪರ್ಕ ಇಟ್ಟುಕೊಳ್ಳುವ ಹಕ್ಕನ್ನು ಮಗುವಿಗೆ ಕೊಡುತ್ತದೆ. 12ನೆಯದು ತನಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕನ್ನೂ, ಆ ಮಾತಿಗೆ ವಯಸ್ಸಿಗೂ ತಿಳಿವಳಿಕೆಗೂ ತಕ್ಕ ಬೆಲೆಯನ್ನೂ ಕೊಡುತ್ತದೆ. ಇದು ‘ಅವ್ವ ಬೇಕೋ, ಅಪ್ಪ ಬೇಕೋ’ ಎಂಬ ಪ್ರಶ್ನೆಯಲ್ಲ. ನಿನ್ನ ಗೆಳೆಯರು ಎಲ್ಲಿದ್ದಾರೆ, ಯಾವ ಭಾಷೆಯಲ್ಲಿ ಪಾಠ ತಿಳಿಯುತ್ತದೆ, ಯಾರನ್ನು ಕಂಡರೆ ಹೆದರಿಕೆ, ದೂರವಿರುವವರ ಜೊತೆ ಮಾತಾಡಲು ಯಾವ ಹೊತ್ತು ಹೊಂದುತ್ತದೆ: ಇವು ಕೇಳಬೇಕಾದ ಪ್ರಶ್ನೆಗಳು. ಇವಕ್ಕೆ ಉತ್ತರಿಸುವ ಮಗು ಯಾರನ್ನೂ ಬಿಟ್ಟುಕೊಡಬೇಕಾಗಿಲ್ಲ. ತೀರ್ಪಾದ ಮೇಲೆ ಅದು ಹೀಗೇಕೆ ಆಯಿತೆಂದು ಅದಕ್ಕೆ ತಿಳಿಯುವ ಮಾತಿನಲ್ಲಿ ಯಾರಾದರೂ ಕೂತು ಹೇಳಬೇಕು. ಮುಂಡರಗಿಯ ಹಿರಿಯರ ಪಂಚಾಯಿತಿಗೂ ದಿಲ್ಲಿಯ ಪೀಠಕ್ಕೂ ಇಷ್ಟು ಕೆಲಸ ಇವತ್ತೇ ಮಾಡಲು ಬರುತ್ತದೆ. ಯಾವ ಹೊಸ ಒಪ್ಪಂದಕ್ಕೂ ಕಾಯಬೇಕಿಲ್ಲ.