ಜಗಲಿಯ ನಗೆ, ಅಡುಗೆಮನೆಯ ಹೊಗೆ

ಕನ್ನಡದಲ್ಲಿ ಹಳ್ಳಿಯನ್ನು ಕುರಿತು ಬರೆದವರು ಬಹಳ ಮಂದಿ. ಹಳ್ಳಿಯ ಮನೆಯನ್ನು ಕುರಿತು ಬರೆದವರು ಅಷ್ಟಿಲ್ಲ. ಊರ ಹಬ್ಬ, ತೇರು, ಹೊಳೆ, ಹೊಲ, ಪಂಚಾಯಿತಿ, ಮೊಕದ್ದಮೆ, ಇವೆಲ್ಲ ನಮ್ಮ ಗದ್ಯದಲ್ಲಿ ಧಾರಾಳವಾಗಿ ದೊರೆಯುತ್ತವೆ. ಆದರೆ ಮಳೆಗಾಲದಲ್ಲಿ ಹತ್ತದ ಹಸಿ ಸೌದೆ, ನೆಲುವಿಗೆ ನೆಗೆಯುವ ಬೆಕ್ಕು, ಒಣಹಾಕಿದ ಸಂಡಿಗೆಯ ಮೇಲೆ ನಡೆದುಹೋದ ಕೋಳಿ, ಎರವು ಹೋಗಿ ತಿಂಗಳಾದರೂ ಹಿಂದಿರುಗದ ಒನಕೆ, ಎಲೆ ಎತ್ತಿದ ಮೇಲೆ ಬಂದಿಳಿದ ನೆಂಟರು, ಹಿತ್ತಲಿನ ಬೇಲಿ ಮುರಿದು ಒಳನುಗ್ಗಿದ ಪಕ್ಕದ ಮನೆಯ ಕರು: ಇಂಥ ಕಿರುಕುಳಗಳಿಗೆ ಸಾಹಿತ್ಯದಲ್ಲಿ ಸ್ಥಾನವೆಲ್ಲಿ ಎಂದು ಕೇಳಿದರೆ, ಲಘು ಪ್ರಬಂಧದಲ್ಲಿ ಎಂಬ ಉತ್ತರ ಥಟ್ಟನೆ ಬರುತ್ತದೆ. ಉತ್ತರ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಈ ಕಿರುಕುಳಗಳು ನಗೆಯ ಸಾಮಗ್ರಿಯಾದದ್ದು ಯಾರ ಕೈಯಲ್ಲಿ, ಯಾವ ಜಾಗದಲ್ಲಿ ಕುಳಿತವರ ಕೈಯಲ್ಲಿ ಎಂಬುದನ್ನು ನಮ್ಮ ವಿಮರ್ಶೆ ಸಾಕಷ್ಟು ವಿಚಾರಿಸಿದಂತೆ ಕಾಣುವುದಿಲ್ಲ.

ಗೊರೂರು ರಾಮಸ್ವಾಮಿ ಅಯ್ಯಂಗಾರರಿಂದಲೇ ಮೊದಲು ಮಾಡಬೇಕು. ಅವರ 'ಹಳ್ಳಿಯ ಚಿತ್ರಗಳು' 1930ರಲ್ಲಿ ಹೊರಬಂತು. ಹೇಮಾವತಿಯ ದಡದ ತಮ್ಮ ಗೊರೂರನ್ನು ಅವರು ಕನ್ನಡಿಗರಿಗೆಲ್ಲ ಸ್ವಂತ ಊರನ್ನಾಗಿ ಮಾಡಿಕೊಟ್ಟರು. ಆ ಊರನ್ನು ಕಣ್ಣಿಂದ ಕಾಣದವರಿಗೂ ಅಲ್ಲಿಯ ಓಣಿ, ಅಲ್ಲಿಯ ಜನ ಪರಿಚಿತರು. 'ನಮ್ಮ ಎಮ್ಮೆಗೆ ಮಾತು ತಿಳಿಯುವುದೇ?' ಎಂಬ ಒಂದು ಪ್ರಬಂಧದ ಹೆಸರೇ ಸಾಕು, ಅವರ ರೀತಿ ಏನೆಂದು ತಿಳಿಯುವುದಕ್ಕೆ. ಎಮ್ಮೆಯ ವಿಚಾರವನ್ನು ನ್ಯಾಯಸ್ಥಾನದಲ್ಲಿ ವಾದಕ್ಕೆ ಹಾಕುವ ಗಾಂಭೀರ್ಯದಿಂದ ಎತ್ತಿಕೊಳ್ಳುವುದು. ಹಾಗೆ ಎತ್ತಿಕೊಂಡ ಮೇಲೆ ಎಮ್ಮೆಯನ್ನು ಹಾಸ್ಯಕ್ಕೆ ಈಡು ಮಾಡದೆ ಮನೆಯ ಒಬ್ಬ ಸದಸ್ಯನಂತೆ ನಡೆಸಿಕೊಳ್ಳುವುದು. ಪಟ್ಟಣದ ಬರಹಗಾರನಿಗೆ ಈ ಎರಡನೆಯದು ಬರುವುದಿಲ್ಲ. ಅವನಿಗೆ ಎಮ್ಮೆ ಎಂದರೆ ಮಂದತನದ ಉಪಮಾನ. ಗೊರೂರರಿಗೆ ಅದು ಇಂಥದೇ ಎಮ್ಮೆ, ಇಂಥವರ ಮನೆಯದು, ಇಂಥವರ ಕೈಗೆ ಮಾತ್ರ ಹಾಲು ಇಳಿಸುವಂಥದು. ನಗುವಿನ ಜತೆಗೆ ಒಡನಾಟವೂ ಇರುವುದರಿಂದ ಅವರ ಹಾಸ್ಯ ಎಂದೂ ಕುಹಕವಾಗುವುದಿಲ್ಲ. ಇದು ದೊಡ್ಡ ಗುಣ. ಗಾಂಧೀ ಚಳುವಳಿಯಲ್ಲಿ ಬೆಂದು ಬಂದ ಮನುಷ್ಯನಾದ್ದರಿಂದ ಹಳ್ಳಿಯ ಬಡತನ, ಸಾಲ, ದ್ವೇಷ ಅವರಿಗೆ ತಿಳಿಯದ ವಿಷಯಗಳಾಗಿರಲಿಲ್ಲ. 1974ರಲ್ಲಿ ತೆರೆಗೆ ಬಂದು ಮನೆಮಾತಾದ 'ಭೂತಯ್ಯನ ಮಗ ಅಯ್ಯು' ಅವರ ಕಥೆಯೇ. ಅದರಲ್ಲಿ ಇರುವುದು ಬರಿಯ ನಗೆಯಲ್ಲ.

ಆದರೂ ಅವರ ಪ್ರಬಂಧಗಳನ್ನು ಒಟ್ಟಿಗೆ ಕುಳಿತು ಓದಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಹೇಳುವವನು ಕುಳಿತಿರುವುದು ಜಗಲಿಯ ಮೇಲೆ. ಹಳೆಯ ಮೈಸೂರು ಸೀಮೆಯ ಮನೆಯನ್ನು ನೆನೆದುಕೊಳ್ಳಿ: ಮುಂದೆ ಜಗಲಿ, ಆಮೇಲೆ ಪಡಸಾಲೆ, ತೊಟ್ಟಿ, ನಡುಮನೆ, ಅದರಾಚೆ ಅಡುಗೆಮನೆ, ಕೊನೆಗೆ ಹಿತ್ತಲು, ಬಾವಿ, ಕೊಟ್ಟಿಗೆ. ಜಗಲಿಯಿಂದ ಬೀದಿ ಪೂರಾ ಕಾಣುತ್ತದೆ. ಗಾಡಿ, ದನ, ಶಾನುಭೋಗ, ದಾಸಯ್ಯ, ಅಮಲ್ದಾರರ ಸವಾರಿ ಎಲ್ಲ ಕಾಣುತ್ತದೆ. ಅಡುಗೆಮನೆ ಮಾತ್ರ ಕೇಳಿಸುತ್ತದೆ, ಕಾಣುವುದಿಲ್ಲ. ಪಾತ್ರೆ ಕುಕ್ಕಿದ ಸದ್ದು, ಊದುಕೊಳವೆಯ ಸದ್ದು, ಗೊಣಗಾಟ, ಇಷ್ಟು. ಕೇಳಿಸಿದ ಗೊಣಗಾಟಕ್ಕೆ ನಗಬಹುದು. ಆ ಗೊಣಗಾಟಕ್ಕೆ ಕಾರಣವಾದ ಸೌದೆಯನ್ನು ಎದ್ದು ಹೋಗಿ ಮುಟ್ಟಿ ನೋಡಿದರೆ ನಗೆಯ ಬಣ್ಣ ಬದಲಾಗುತ್ತದೆ. ನಮ್ಮ ಲಘು ಪ್ರಬಂಧದ ಗದ್ಯಕ್ಕೆ ಈ ಮನೆಯ ಕಟ್ಟಡವೇ ಆಕಾರ ಕೊಟ್ಟಿತೆಂದು ನನ್ನ ಅಭಿಪ್ರಾಯ.

ಗೊರೂರರ ವಿಷಯದಲ್ಲಿ ಇದನ್ನು ದೋಷವೆನ್ನಲಾರೆ. ಅವರು ತಾವು ಕಂಡದ್ದನ್ನು ಬರೆದರು. ದೋಷ ಬಂದದ್ದು ಅವರನ್ನು ಅನುಸರಿಸಿದವರಲ್ಲಿ. ಇವರಿಗೆ ಗುರುವಿನ ನಗೆ ಬಂತು, ಗುರುವಿನ ಪರಿಚಯ ಬರಲಿಲ್ಲ. ಹಟಮಾರಿ ಹಸು, ಬಾಯಿಬಡುಕಿ ಅತ್ತೆ, ಸೇರು ಅಕ್ಕಿ ಸಾಲ ಕೇಳಲು ಬರುವ ನೆರೆಯಾಕೆ, ಹಾಗೆ ಬಂದು ಅರ್ಧ ಗಂಟೆ ಮಾತಿಗೆ ನಿಲ್ಲುವುದು: ಇವು ಅಚ್ಚಿನ ಬೊಂಬೆಗಳಾಗಿ ಪತ್ರಿಕೆಯಿಂದ ಪತ್ರಿಕೆಗೆ ನಡೆದು ಬಂದವು. ಹೆಪ್ಪಿಗೆ ಒಂದು ತೊಟ್ಟು ಮಜ್ಜಿಗೆ ಕೇಳಲು ಬಂದವಳನ್ನು ನೋಡಿ ನಗುವ ಪ್ರಬಂಧಗಳನ್ನು ನಾವು ಎಷ್ಟೋ ಓದಿದ್ದೇವೆ. ಅವಳ ಮನೆಯಲ್ಲಿ ಹಾಲು ಕರೆಯುವ ದನ ಬತ್ತಿಹೋಗಿ ಎಷ್ಟು ದಿನವಾಯಿತೆಂದು ವಿಚಾರಿಸಿದ ಪ್ರಬಂಧವನ್ನು ನಾನು ಓದಿದ ನೆನಪಿಲ್ಲ.

ಈಚಿನ ದಿನಗಳಲ್ಲಿ ಇನ್ನೊಂದು ಬಗೆ ಹುಟ್ಟಿಕೊಂಡಿದೆ. ಹಳ್ಳಿಯನ್ನು ಬಿಟ್ಟು ಮೂವತ್ತು ನಲವತ್ತು ವರ್ಷವಾದವರು ಅಜ್ಜಿಯ ಮನೆಯನ್ನು ನೆನೆದು ಬರೆಯುವ ಗದ್ಯ. ಇದರಲ್ಲಿ ಕಿರುಕುಳವೆಂಬುದೇ ಇಲ್ಲ, ಎಲ್ಲವೂ ಸುಖ. ಸೌದೆ ಒಲೆಯ ಸಾರಿಗೆ ಬೇರೆಯೇ ರುಚಿ, ಬೀಸುವ ಕಲ್ಲಿನ ಹಿಟ್ಟಿಗೆ ಬೇರೆಯೇ ಘಮ. ರುಚಿ ಇದ್ದೀತು, ಇಲ್ಲವೆನ್ನುವುದಿಲ್ಲ. ಆದರೆ ಆ ಸಾರು ಕುದಿಯುವಾಗ ಕಣ್ಣೊರಸಿಕೊಳ್ಳುತ್ತಿದ್ದವರು ಯಾರು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಘಟಕ ಆರಂಭವಾಯಿತು. ಅವರು ಕುಣಿಗಲ್ ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ ಮನೆಮನೆಯ ಸೌದೆಯ ಲೆಕ್ಕ ಹಾಕಿದರು. ಹಳ್ಳಿಯಲ್ಲಿ ಖರ್ಚಾಗುವ ಶಕ್ತಿಯಲ್ಲಿ ಅತಿ ದೊಡ್ಡ ಪಾಲು ಅಡುಗೆಯ ಒಲೆಗೇ ಹೋಗುತ್ತದೆಂದು ಕಂಡುಕೊಂಡರು. ಹೊಗೆಕೊಳವೆಯುಳ್ಳ, ಕಡಮೆ ಸೌದೆ ಬೇಡುವ 'ಅಸ್ತ್ರ ಒಲೆ' ಬಂದದ್ದು ಆ ಕೆಲಸದಿಂದ. 2016ರಲ್ಲಿ ಉಜ್ವಲ ಯೋಜನೆಯ ಅನಿಲ ಒಲೆ ಬಂತು. ವಿಜ್ಞಾನಿಗಳೂ ಸರ್ಕಾರವೂ ಗಮನಿಸಿದ ಹೊಗೆಯನ್ನು ಪ್ರಬಂಧಕಾರನು ಪರಿಮಳವೆಂದು ಬರೆಯುತ್ತ ಕುಳಿತರೆ, ಅದು ನೆನಪಿನ ತಪ್ಪಲ್ಲ, ನೋಟದ ತಪ್ಪು.

ಹಾಗಾದರೆ ಅಡುಗೆಮನೆಯೊಳಗಿನಿಂದ ಬರೆದವರೇ ಇಲ್ಲವೆ? ಇದ್ದಾರೆ, ಅವರು ಕಾದಂಬರಿ ಕಥೆಗಳಲ್ಲಿದ್ದಾರೆ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯನ್ನು ಮೂರು ತಲೆಮಾರಿನ ಕಥೆ ಎಂದು ಎಲ್ಲರೂ ಹೊಗಳುತ್ತಾರೆ. ನನಗೆ ಅದರ ಮೊದಲ ಭಾಗವೇ ಹೆಚ್ಚು ಪ್ರಿಯ. ಪೌರೋಹಿತ್ಯಕ್ಕೆಂದು ಊರೂರು ಅಲೆಯುವ ರಾಮ ಐತಾಳರು, ಮನೆಯಲ್ಲಿ ಹೆಂಡತಿ ಪಾರೋತಿ, ವಿಧವೆಯಾದ ತಂಗಿ ಸರಸೋತಿ. ಕಡಲಕರೆಯ ಆ ಮನೆ ನಿಂತಿರುವುದು ಈ ಇಬ್ಬರು ಹೆಂಗಸರ ಕೈಮೇಲೆ. ಅವರ ದುಡಿಮೆಯನ್ನು ಕಾರಂತರು ಕರುಣೆ ಬೆರಸದೆ, ಹಾಸ್ಯವನ್ನೂ ಬೆರಸದೆ ಒಂದಾದಮೇಲೊಂದರಂತೆ ಹೇಳುತ್ತ ಹೋಗುತ್ತಾರೆ. ಓದುತ್ತ ಓದುತ್ತ ನಮ್ಮ ಸೊಂಟವೇ ನೋಯುತ್ತದೆ. ಸರಸೋತಿಯ ಸಿಡುಕು ಅಲ್ಲಿ ಸ್ವಭಾವದ ವಿನೋದವಲ್ಲ, ದಿನದ ಕೆಲಸದ ಕೊನೆಗೆ ಉಳಿದದ್ದು. ಇದೇ ಸಿಡುಕನ್ನು ಜಗಲಿಯ ಪ್ರಬಂಧಕಾರನು ಕೇಳಿದ್ದರೆ ನಮಗೊಂದು ಒಳ್ಳೆಯ ನಗೆಬರಹ ದೊರಕುತ್ತಿತ್ತು.

ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯಲ್ಲಿ (1936) ಚಂದ್ರಯ್ಯಗೌಡರ ಮೂರನೆಯ ಹೆಂಡತಿ ಸುಬ್ಬಮ್ಮ, ಅಣ್ಣನ ವಿಧವೆ ನಾಗಮ್ಮ ಇವರ ನಡುವಣ ಜಗಳಗಳನ್ನು ವಿಮರ್ಶಕರು ಸಾಮಾನ್ಯವಾಗಿ ಬೇಗ ದಾಟಿ ಹೂವಯ್ಯನ ಚಿಂತನೆಗೆ ಹೋಗಿಬಿಡುತ್ತಾರೆ. ಮನೆ ಹಿಸ್ಸೆಯಾಗುವುದು ಮಾತ್ರ ಆ ಒಳಮನೆಯ ಜಗಳಗಳ ದಾರಿಯಲ್ಲೇ. ಮಹಾಕಾದಂಬರಿಯ ಕೀಲು ತಿರುಗಿದ್ದು ಅಡುಗೆಮನೆಯ ಬಾಗಿಲಲ್ಲಿ.

ಎಸ್. ಎಲ್. ಭೈರಪ್ಪನವರ 'ಗೃಹಭಂಗ'ದ (1970) ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಲಘು ಪ್ರಬಂಧದ ಸಾಮಗ್ರಿಯನ್ನೆಲ್ಲ ಎತ್ತಿಕೊಂಡು ಅದರಿಂದಲೇ ದುರಂತವನ್ನು ಕಟ್ಟಿದ ಇನ್ನೊಂದು ಕೃತಿ ನಮ್ಮಲ್ಲಿಲ್ಲ. ಬಾಯಿ ತೆರೆದರೆ ಬೈಗುಳ ಉದುರುವ ಗಂಗಮ್ಮ. ಹೊಟ್ಟೆಯೊಂದನ್ನು ಬಿಟ್ಟು ಇನ್ನೇನನ್ನೂ ಅರಿಯದ ಮಗ ಚೆನ್ನಿಗರಾಯ. ಅವನ ತಮ್ಮ ಅಪ್ಪಣ್ಣಯ್ಯ. ಮೊದಲ ನೂರು ಪುಟಗಳಲ್ಲಿ ಓದುಗನು ನಗುತ್ತಾನೆ, ನಗದೆ ಇರಲಾರ. ಬೈಗುಳದ ವೈಖರಿಯೇ ಹಾಗಿದೆ. ಆಮೇಲೆ ನಂಜಮ್ಮ ಬರುತ್ತಾಳೆ. ಗಂಡನ ಶಾನುಭೋಗಿಕೆಯ ಲೆಕ್ಕವನ್ನು ಅವಳೇ ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ, ಮಕ್ಕಳಿಗೆ ಉಣ್ಣಿಸುತ್ತಾಳೆ. ಅದೇ ಗಂಗಮ್ಮ, ಅದೇ ಚೆನ್ನಿಗರಾಯ, ಒಬ್ಬರೂ ಬದಲಾಗಿಲ್ಲ, ಬೈಗುಳವೂ ಬದಲಾಗಿಲ್ಲ. ನಮ್ಮ ನಗೆ ಮಾತ್ರ ಗಂಟಲಲ್ಲಿ ನಿಲ್ಲುತ್ತದೆ. ಚೆನ್ನಿಗರಾಯನ ಹೊಟ್ಟೆಬಾಕತನ ಜಗಲಿಯಿಂದ ನೋಡಿದಾಗ ವಿನೋದ. ಅಳೆದು ಇಟ್ಟ ಹಿಟ್ಟು ಸಂಜೆಗೆ ಉಳಿದಿದೆಯೆ ಎಂದು ಮಡಕೆಗೆ ಕೈಹಾಕಿ ನೋಡುವವಳಿಗೆ ವಿನೋದವಲ್ಲ. ಕೊನೆಗೆ ಪ್ಲೇಗು ಬಂದು ಮನೆಯನ್ನು ಗುಡಿಸಿ ಹಾಕುತ್ತದೆ. ಆದರೆ ಮನೆ ಮುರಿದದ್ದು ಪ್ಲೇಗಿನಿಂದ ಅಲ್ಲವೆಂಬುದನ್ನು ಲೇಖಕರು ಅಷ್ಟರಲ್ಲಿ ನಮಗೆ ಮನಗಾಣಿಸಿರುತ್ತಾರೆ.

ಒಂದು ಆಕ್ಷೇಪಣೆ ಮಾತ್ರ ಉಂಟು. ಗಂಗಮ್ಮನೂ ವಿಧವೆ; ಎರಡು ಗಂಡುಮಕ್ಕಳನ್ನು ಕಟ್ಟಿಕೊಂಡು ಊರಿನಲ್ಲಿ ಒಬ್ಬಳೇ ಮನೆ ನಡೆಸಿದವಳು. ಆ ಬಾಯಿ ಹಾಗಾದದ್ದು ಹೇಗೆ? ನಂಜಮ್ಮನ ಒಲೆಯ ಮುಂದೆ ಕುಳಿತಷ್ಟು ಸಹನೆಯಿಂದ ಭೈರಪ್ಪನವರು ಗಂಗಮ್ಮನ ಒಲೆಯ ಮುಂದೆ ಕುಳಿತುಕೊಳ್ಳಲಿಲ್ಲ. ಅವಳು ಮೊದಲಿಂದ ಕಡೆಯವರೆಗೆ ಒಂದೇ ಆಗಿ ಉಳಿದು, ಪ್ರಬಂಧಕಾರರ ಅಚ್ಚಿನ ಅತ್ತೆಗೆ ತೀರ ಹತ್ತಿರಕ್ಕೆ ಬಂದುಬಿಡುತ್ತಾಳೆ.

ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'ನಲ್ಲಿ (1976) ಇದಕ್ಕೆ ವಿರುದ್ಧವಾದ ಚಿತ್ರವಿದೆ. ಎಳೆಯ ವಯಸ್ಸಿನಲ್ಲೇ ಗಂಡ ಹಾವು ಕಚ್ಚಿ ಸತ್ತು, ನೂರಕ್ಕೂ ಮಿಕ್ಕಿ ಬಾಳಿದ ಮಲೆನಾಡಿನ ಒಬ್ಬಾಕೆ. ದೊಡ್ಡ ಕೂಡುಕುಟುಂಬದ ಬೇಯಿಸುವ, ಬಡಿಸುವ, ಬಾಣಂತನದ ಕೆಲಸ ಅವಳ ಪಾಲಿಗೆ. ಅವಳದು ಹೊತ್ತಿಗೊಂದು ಊಟ. ಇಂದಿರಾ ಅವರಿಗೆ ಗದ್ಯದ ಠೀವಿ ಇಲ್ಲ, ಕಥೆಯ ಕಟ್ಟಡವೂ ಅಲ್ಲಲ್ಲಿ ಸಡಿಲ. ಆದರೆ ಆ ಮನೆಯ ಯಾವ ವಸ್ತು ಎಲ್ಲಿದೆ, ಯಾವುದನ್ನು ಯಾರು ಎತ್ತಿಡಬೇಕು, ಯಾವ ಹೊತ್ತಿಗೆ ಯಾರು ಎದ್ದಿರುತ್ತಾರೆ ಎಂಬುದು ಅವರಿಗೆ ಗೊತ್ತು. ಅವರ ಮೊದಲ ಕಾದಂಬರಿ 'ತುಂಗಭದ್ರ' ಅಚ್ಚಾದದ್ದು 1963ರಲ್ಲಿ, ಅವರಿಗೆ ನಲವತ್ತು ದಾಟಿ ಕೆಲವು ವರ್ಷಗಳಾದ ಮೇಲೆ. ಅಷ್ಟು ವರ್ಷ ಗೃಹಕೃತ್ಯ ನಡೆಸಿ ಬಂದ ಕೈಯ ಬರಹವದು. ಗೃಹಕೃತ್ಯ ಸಾಹಿತ್ಯಕ್ಕೆ ತೊಡಕೆಂದು ಹೇಳುವುದು ವಾಡಿಕೆ. ಇಲ್ಲಿ ಅದೇ ಬಂಡವಾಳ.

ಈ ಚರ್ಚೆಗೆ ಒಂದು ಆಕ್ಷೇಪ ಬಂದೀತು. ಪ್ರಬಂಧ ಪ್ರಬಂಧವೇ, ಕಾದಂಬರಿ ಕಾದಂಬರಿಯೇ. ನಾಲ್ಕು ಪುಟದ ನಗೆಬರಹದ ತಲೆಯ ಮೇಲೆ ಸಂಸಾರದ ಭಾರವನ್ನೆಲ್ಲ ಹೊರಿಸುವುದು ನ್ಯಾಯವೆ? ನ್ಯಾಯವಲ್ಲ. ನಕ್ಕು ಹಗುರಾಗುವುದು ಮನುಷ್ಯನಿಗೆ ಬೇಕು. ಅಡುಗೆಮನೆಯವರಿಗೆ ಇನ್ನೂ ಹೆಚ್ಚು ಬೇಕು. ನಾನು ಕೇಳುತ್ತಿರುವುದು ಇಷ್ಟೆ: ಚೆಲ್ಲಿದ ಹಾಲನ್ನು ಒರಸಬೇಕಾದವಳು ಆ ನಗೆಯಲ್ಲಿ ಪಾಲುಗೊಳ್ಳಬಲ್ಲಳೆ? ಗೊರೂರರ ಒಳ್ಳೆಯ ಪ್ರಬಂಧಗಳನ್ನು ಗಟ್ಟಿಯಾಗಿ ಓದಿದರೆ ಮನೆಯವರೆಲ್ಲ ನಗುತ್ತಾರೆ. ಅವರ ಅನುಯಾಯಿಗಳದನ್ನು ಓದಿದರೆ ಗಂಡಸರು ನಗುತ್ತಾರೆ.

ಇನ್ನು 'ಸಣ್ಣ' ಎಂಬ ಮಾತೇ ಎಷ್ಟು ಸಣ್ಣದೆಂಬ ಪ್ರಶ್ನೆ. ಕೋಳಿ ಕಾಣೆಯಾಗುವುದು ಹಳ್ಳಿಯ ಮನೆಯಲ್ಲಿ ನಿತ್ಯದ ಸಂಗತಿ. ನಗೆಗೆ ಇದಕ್ಕಿಂತ ಒದಗಿ ಬರುವ ವಸ್ತುವಿಲ್ಲ. ದೇವನೂರ ಮಹಾದೇವ ಅವರ 'ಒಡಲಾಳ'ದಲ್ಲಿ ಸಾಕವ್ವನ ಹುಂಜ ಕಾಣೆಯಾಗುತ್ತದೆ. ಅವಳು ಊರೆಲ್ಲ ಅಲೆದು ಹುಡುಕುತ್ತಾಳೆ, ಶಪಿಸುತ್ತಾಳೆ. ನಗೆ ಇಲ್ಲಿಯೂ ಉಂಟು, ಬೇಕಾದಷ್ಟು ಉಂಟು. ಆದರೆ ಹಗೇವಿನಲ್ಲಿ ರಾಗಿ ತುಂಬಿದ ಮನೆಯ ಹುಂಜ ಬೇರೆ, ಸಾಕವ್ವನ ಹುಂಜ ಬೇರೆ. ಅವಳಿಗೆ ಅದು ಆಸ್ತಿ. ಅದೇ ಮನೆಯವರು ರಾತ್ರಿಯೆಲ್ಲ ಕುಳಿತು ಕದ್ದು ತಂದ ಕಡಲೆಕಾಯಿಯನ್ನು ಬಿಡಿಸಿ ತಿನ್ನುವ ಭಾಗವಂತೂ, ನಾನು ಬಲ್ಲಮಟ್ಟಿಗೆ, ಕನ್ನಡದಲ್ಲಿ ಬಂದಿರುವ ಅತ್ಯಂತ ಸಂತೋಷದ ಊಟದ ವರ್ಣನೆ. ಗೋಡೆಯ ಮೇಲೆ ನವಿಲು ಮೂಡುತ್ತದೆ. ಮರುದಿನ ಪೊಲೀಸರು ಬರುತ್ತಾರೆ. ಇಷ್ಟನ್ನು ಮಹಾದೇವರು ಒಂದು ನಿಡಿದಾದ ಕಥೆಯ ಅಳತೆಯಲ್ಲಿ ಹೇಳಿ ಮುಗಿಸಿದ್ದಾರೆ. ಜಗಲಿಯೇ ಇಲ್ಲದ ಮನೆ ಅದು; ಹೊರಗೆ ಕುಳಿತು ನೋಡುವುದಕ್ಕೆ ಜಾಗವಿಲ್ಲ, ಓದುಗನೂ ಒಳಗೇ ಕುಳಿತುಕೊಳ್ಳಬೇಕು.

ವೈದೇಹಿಯವರ 'ಅಕ್ಕು' ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಇದು ತುಂಬಿದ ಮನೆ, ಅನ್ನಕ್ಕೆ ಕೊರತೆಯಿಲ್ಲ. ಗಂಡ ಬಿಟ್ಟುಹೋದ ಅಕ್ಕು ತನಗೆ ಬಸಿರೆಂದು ಹೇಳಿಕೊಂಡು ತಿರುಗುತ್ತಾಳೆ. ಮನೆಯವರು ಅವಳನ್ನು ಆಡಿಸಿ ನಗುತ್ತಾರೆ, ಬೇಸತ್ತರೆ ಗದರುತ್ತಾರೆ. ಆ ಮನೆಗೆ ದಿನನಿತ್ಯದ ಕಿರುಕುಳವೆಂದರೆ ಹೊಗೆಯಲ್ಲ, ಬೆಕ್ಕಲ್ಲ, ಅಕ್ಕುವೇ. ವೈದೇಹಿಯವರು ಆ ಮನೆಯ ಹೆಂಗಸರನ್ನು ದೂರುವುದಿಲ್ಲ. ಕುಂದಾಪುರದ ಕಡೆಯ ಅವರ ಮಾತನ್ನು ಹಾಗೆಹಾಗೆಯೇ ಆಡಗೊಡುತ್ತಾರೆ. ಕೆಲಸದ ನಡುವೆ, ತರಕಾರಿ ಹೆಚ್ಚುತ್ತ, ಎಲೆ ಹಾಕುತ್ತ ಆಡುವಂಥ ಮಾತು ಅದು. ಅವರು ನಗುವಾಗ ನಾವೂ ನಗುತ್ತೇವೆ, ಅಕ್ಕು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಾಳೆಂಬುದು ಆಮೇಲೆ ಹೊಳೆಯುತ್ತದೆ.