ಚೆಂಡು ಬಿಡಿ, ಎದುರಿನ ಹನ್ನೊಂದು ಮಂದಿಯನ್ನು ನೋಡಿ

ಅಮೆರಿಕನ್ ಫುಟ್‌ಬಾಲ್ ಹೊಸದಾಗಿ ನೋಡುವವರ ಕಣ್ಣು ಕ್ವಾರ್ಟರ್‌ಬ್ಯಾಕ್‌ನ ಕೈಗೇ ಅಂಟಿಕೊಂಡಿರುತ್ತದೆ. ಚೆಂಡು ಇರುವುದೇ ಅಲ್ಲಿ, ತಪ್ಪೇನಿಲ್ಲ. ಆದರೆ ಈ ಆಟದ ಅರ್ಧ ಸೊಗಸು ಚೆಂಡು ಅಲುಗುವ ಮೊದಲೇ ಎದುರು ಬದಿಯಲ್ಲಿ ನಡೆದುಹೋಗಿರುತ್ತದೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ದಾಳಿ ಮಾಡುವ ತಂಡಕ್ಕೆ ಕಟ್ಟುಪಾಡು ಹೆಚ್ಚು: ಚೆಂಡು ಇಟ್ಟ ಗೆರೆಯ ಮೇಲೆ ಏಳು ಮಂದಿ ನಿಲ್ಲಲೇಬೇಕು, ಸ್ನ್ಯಾಪ್ ಆಗುವ, ಎಂದರೆ ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಡುವ ಹೊತ್ತಿಗೆ ಒಬ್ಬನನ್ನು ಬಿಟ್ಟು ಉಳಿದವರು ಮಿಸುಕುವಂತಿಲ್ಲ. ರಕ್ಷಣೆಗೆ ಆ ತೊಡಕಿಲ್ಲ. ತನ್ನ ಬದಿಯಲ್ಲಿ ಯಾರು ಎಲ್ಲಿ ಬೇಕಾದರೂ ನಿಲ್ಲಬಹುದು, ಕೊನೆಯ ಕ್ಷಣದವರೆಗೂ ಜಾಗ ಬದಲಿಸುತ್ತಿರಬಹುದು.

ಟಿವಿಯಲ್ಲಿ ಕೇಳುವ 4-3, 3-4ರ ಲೆಕ್ಕ ಸುಲಭ. ಮೊದಲ ಅಂಕಿ ಮುಂಚೂಣಿಯ ಲೈನ್‌ಮನ್‌ಗಳದ್ದು, ಎರಡನೆಯದು ಅವರ ಬೆನ್ನಿಗಿರುವ ಲೈನ್‌ಬ್ಯಾಕರ್‌ಗಳದ್ದು. ಉಳಿದ ನಾಲ್ವರು ಹಿಂದಿನ ಸಾಲು: ಅಂಚಿನಲ್ಲಿ ಇಬ್ಬರು ಕಾರ್ನರ್‌ಬ್ಯಾಕ್, ಆಳದಲ್ಲಿ ಇಬ್ಬರು ಸೇಫ್ಟಿ. 1950ರ ದಶಕದಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದ ರಕ್ಷಣೆ ನೋಡಿಕೊಳ್ಳುತ್ತಿದ್ದ ಟಾಮ್ ಲ್ಯಾಂಡ್ರಿ, ಲೈನ್‌ಬ್ಯಾಕರ್ ಸ್ಯಾಮ್ ಹಫ್ ಅವರನ್ನು ನಟ್ಟನಡುವೆ ನಿಲ್ಲಿಸಿ 4-3ಕ್ಕೆ ಹೆಸರು ತಂದುಕೊಟ್ಟರು. 1956ರಲ್ಲಿ ಆ ತಂಡ ಚಾಂಪಿಯನ್ ಕೂಡ ಆಯಿತು.

ಅಂಕಿಗಿಂತ ಮುಖ್ಯವಾದದ್ದು ಯಾರಿಗೆ ಯಾವ ಕೆಲಸ ಎಂಬುದು. ಕಬಡ್ಡಿಯಲ್ಲಿ ಕಾರ್ನರ್ ಮತ್ತು ಕವರ್ ಇಬ್ಬರೂ ಹಿಡಿಯುವವರೇ. ಆದರೂ ಒಬ್ಬ ರೈಡರ್‌ನ ಕಾಲಿಗೆ ಹೊಂಚುತ್ತಾನೆ, ಇನ್ನೊಬ್ಬ ಡ್ಯಾಶ್ ಹೊಡೆದು ಹೊರಗಟ್ಟಲು ಕಾಯುತ್ತಾನೆ. ಇಲ್ಲೂ ಹಾಗೆಯೇ. ದಾಳಿಯ ಸಾಲಿನಲ್ಲಿ ಸೆಂಟರ್ ಮತ್ತು ಗಾರ್ಡ್ ನಡುವಿನ ಸಂದು 'ಎ' ಗ್ಯಾಪ್, ಗಾರ್ಡ್ ಮತ್ತು ಟ್ಯಾಕಲ್ ನಡುವಿನದು 'ಬಿ'. 4-3ರಲ್ಲಿ ಸಾಮಾನ್ಯವಾಗಿ ಒಬ್ಬೊಬ್ಬ ಲೈನ್‌ಮನ್‌ಗೆ ಒಂದೊಂದು ಸಂದು. ಹಳೆಯ ಮಾದರಿಯ 3-4ರಲ್ಲಿ ನೋಸ್ ಟ್ಯಾಕಲ್ ಸೆಂಟರ್‌ನ ಮೂಗಿನ ನೇರಕ್ಕೆ ನಿಂತು ಎರಡೂ ಬದಿಯ 'ಎ' ಗ್ಯಾಪ್ ಕಾಯಬೇಕು. ಪೇಟ್ರಿಯಟ್ಸ್ ತಂಡದ ವಿನ್ಸ್ ವಿಲ್ಫೋರ್ಕ್ ಸುಮಾರು 150 ಕಿಲೊ ತೂಗುತ್ತಿದ್ದುದು ಸುಮ್ಮನಲ್ಲ. ಇಂಥವರನ್ನು ಕದಲಿಸಲು ಇಬ್ಬರು ಬೇಕು. ಆ ಇಬ್ಬರು ಸಿಕ್ಕಿಬಿದ್ದಷ್ಟೂ ಹಿಂದಿನ ಲೈನ್‌ಬ್ಯಾಕರ್‌ಗೆ ಹಾದಿ ಸಲೀಸು. ಅಂಕಿಪಟ್ಟಿಯಲ್ಲಿ ಹೆಸರು ಬರುವುದು ಲೈನ್‌ಬ್ಯಾಕರ್‌ನದು, ಬೆವರು ಮಾತ್ರ ನೋಸ್ ಟ್ಯಾಕಲ್‌ನದು.

ಲೈನ್‌ಬ್ಯಾಕರ್‌ಗಳಿಗೆ ಮನೆಯ ಹೆಸರುಗಳಿವೆ. ನಡುವಿನವನು ಮೈಕ್, ದಾಳಿ ಸಾಲಿನ ತುದಿಯ ಟೈಟ್ ಎಂಡ್ ನಿಂತ ಬದಿಯವನು ಸ್ಯಾಮ್, ಆಚೆ ಬದಿಯವನು ವಿಲ್. ಕ್ವಾರ್ಟರ್‌ಬ್ಯಾಕ್ ಬೆರಳು ಚಾಚಿ ಯಾವುದೋ ಜರ್ಸಿ ಸಂಖ್ಯೆ ಕೂಗಿ 'ಮೈಕ್' ಎನ್ನುವುದನ್ನು ನೀವು ಕೇಳಿರಬಹುದು. ಅದು ತನ್ನವರಿಗೆ ಕೊಡುವ ಸೂಚನೆ: ಅವನಿಂದ ಎಣಿಸಿಕೊಂಡು ಯಾರು ಯಾರನ್ನು ತಡೆಯಬೇಕೆಂದು ನೋಡಿಕೊಳ್ಳಿ ಎಂದು. ಬೆರಳು ತೋರಿಸಿದವನು ನಿಜವಾದ ಮೈಕ್ ಆಗಿರಲೇಬೇಕೆಂದೇನೂ ಇಲ್ಲ.

ಅಂಕಿಯನ್ನು ಕಣ್ಣುಮುಚ್ಚಿ ನಂಬಿದರೆ ಏನಾಗುತ್ತದೆ ಎಂಬುದಕ್ಕೆ 1985ರ ಶಿಕಾಗೊ ಬೇರ್ಸ್ ತಂಡದ '46' ವ್ಯೂಹ ಸಾಕು. ನಾಲ್ವರು ಲೈನ್‌ಮನ್, ಆರು ಲೈನ್‌ಬ್ಯಾಕರ್ ಎಂದು ಲೆಕ್ಕ ಹಾಕಿದರೆ ಕೆಟ್ಟಿರಿ. ಅದು ಆ ತಂಡದಲ್ಲಿ ಹಿಂದೆ ಆಡುತ್ತಿದ್ದ ಸೇಫ್ಟಿ ಡಗ್ ಪ್ಲ್ಯಾಂಕ್ ಅವರ ಜರ್ಸಿ ಸಂಖ್ಯೆ. ತಂಡದ ರಕ್ಷಣಾ ತರಬೇತುದಾರ ಬಡ್ಡಿ ರಯಾನ್ ಸೇಫ್ಟಿಯನ್ನು ಗೆರೆಯ ಹತ್ತಿರಕ್ಕೆ ಎಳೆದುತಂದು, ಮುಂದೆ ಎಂಟು ಮಂದಿಯನ್ನು ಜಮಾಯಿಸಿದರು. 1986ರ ಜನವರಿಯ ಸೂಪರ್ ಬೌಲ್ ಫೈನಲ್‌ನಲ್ಲಿ ಎದುರಾಳಿ ಪೇಟ್ರಿಯಟ್ಸ್ ಚೆಂಡು ಹಿಡಿದು ಓಡಿ ಗಳಿಸಿದ್ದು ಒಟ್ಟು 7 ಗಜ.

ಈಗಂತೂ 4-3 ಮೇಲೋ 3-4 ಮೇಲೋ ಎಂಬ ಚರ್ಚೆಯೇ ಹಳತಾಯಿತು. ಪಾಸ್ ಹೆಚ್ಚಿ, ಮೂರನೇ ರಿಸೀವರ್ ಕಾಯಂ ಆದಮೇಲೆ, ಒಬ್ಬ ಲೈನ್‌ಬ್ಯಾಕರ್ ಹೊರಗೆ, ಹಿಂದಿನ ಸಾಲಿಗೆ ಐದನೇ ಡಿಫೆನ್ಸಿವ್ ಬ್ಯಾಕ್ ಒಳಗೆ. ಅದು ನಿಕಲ್, ಐದು ಸೆಂಟ್ ನಾಣ್ಯದ ಹೆಸರು. ಆರನೆಯವನೂ ಬಂದರೆ ಡೈಮ್. ಇಂದು ಎನ್‌ಎಫ್‌ಎಲ್ ತಂಡಗಳು ಹೆಚ್ಚು ಹೊತ್ತು ಆಡುವುದು ನಿಕಲ್‌ನಲ್ಲೇ.

ಒಳಗೆ ಬಂದವನೊಬ್ಬ ಎಷ್ಟು ಮುಖ್ಯ? 2015ರ ಫೆಬ್ರುವರಿ 1ರ ಸೂಪರ್ ಬೌಲ್ ನೆನಪಿಸಿಕೊಳ್ಳಿ. ಪೇಟ್ರಿಯಟ್ಸ್ 28, ಸಿಯಾಟಲ್ ಸೀಹಾಕ್ಸ್ 24. ಚೆಂಡು ಸಿಯಾಟಲ್‌ನದು, ಗೋಲ್ ಗೆರೆಗೆ ಒಂದೇ ಗಜ, ಅರ್ಧ ನಿಮಿಷವೂ ಉಳಿದಿಲ್ಲ. ಸಿಯಾಟಲ್ ಮೂವರು ರಿಸೀವರ್‌ಗಳನ್ನು ಕಳಿಸಿತು. ಪೇಟ್ರಿಯಟ್ಸ್ ಮುಂದಿನ ಭಾರಿ ಆಳುಗಳನ್ನು ಕದಲಿಸದೆ, ಮೂರನೇ ಕಾರ್ನರ್ ಆಗಿ ಮಾಲ್ಕಮ್ ಬಟ್ಲರ್ ಅವರನ್ನು ಅಟ್ಟಿತು. ಡ್ರಾಫ್ಟ್‌ನಲ್ಲಿ ಯಾರೂ ಆರಿಸದ, ಮೊದಲ ವರ್ಷದ ಹುಡುಗ. ಬಲಬದಿಯಲ್ಲಿ ಇಬ್ಬರು ರಿಸೀವರ್‌ಗಳು ಒಬ್ಬರ ಹಿಂದೊಬ್ಬರು. ಮುಂದಿನವನು ಅಡ್ಡಬಂದು ಹಿಂದಿನವನಿಗೆ ದಾರಿ ಮಾಡಬೇಕು, ಅದು ಸಂಚು. ಬ್ರ್ಯಾಂಡನ್ ಬ್ರೌನರ್ ಮುಂದಿನವನ ಎದೆಗೆ ಕೈಕೊಟ್ಟು ನಿಂತಲ್ಲೇ ನಿಲ್ಲಿಸಿದರು. ಆ ತೆರವಿನಲ್ಲಿ ನುಗ್ಗಿದ ಬಟ್ಲರ್, ರಸೆಲ್ ವಿಲ್ಸನ್ ಎಸೆದ ಚೆಂಡನ್ನು ರಿಕಾರ್ಡೊ ಲಾಕೆಟ್ ಅವರಿಗಿಂತ ಮೊದಲೇ ಕಸಿದುಕೊಂಡರು.

ಸಿಯಾಟಲ್‌ನ ಓಟಗಾರ ಮಾರ್ಶಾನ್ ಲಿಂಚ್ ಕೈಗೆ ಚೆಂಡು ಕೊಟ್ಟು ನುಗ್ಗಿಸಬೇಕಿತ್ತು ಎಂಬ ವಾದ ಇನ್ನೂ ತಣಿದಿಲ್ಲ. ನನಗೆ ಆ ವಾದ ಅರೆಬರೆ ಅನಿಸುತ್ತದೆ. ಓಟಕ್ಕೆ ಗೋಡೆ, ಪಾಸ್‌ಗೆ ಮೂವರು ಕಾರ್ನರ್ ಎರಡನ್ನೂ ಒಟ್ಟಿಗೆ ಒಡ್ಡಿದ ಆ ವ್ಯೂಹವನ್ನು ಬಿಟ್ಟು ಬರೀ ಸಿಯಾಟಲ್‌ನ ತಪ್ಪು ಹುಡುಕಿದರೆ, ಗೆದ್ದವರ ಬುದ್ಧಿಗೆ ಸಲ್ಲಬೇಕಾದ್ದು ಸಲ್ಲುವುದಿಲ್ಲ.

ಮುಂದಿನ ಪಂದ್ಯದಲ್ಲಿ ಸ್ನ್ಯಾಪ್‌ಗೆ ಮೊದಲು ಹಿಂದಿನ ಸಾಲನ್ನು ಎಣಿಸಿ. ಐದೋ ಆರೋ ಇದ್ದರೆ ಪಾಸ್‌ಗೆ ಕಾಯುತ್ತಿದ್ದಾರೆ. ಸೇಫ್ಟಿಯೊಬ್ಬ ಮುಂದೆ ನಡೆದುಬಂದರೆ ಓಟದ ಮೇಲೆ ಅನುಮಾನ. ಬಂದವನು ಕೊನೆಯ ಗಳಿಗೆಯಲ್ಲಿ ಹಿಂದಕ್ಕೆ ಓಡಿದರೆ? ನೀವೂ ಕ್ವಾರ್ಟರ್‌ಬ್ಯಾಕೂ ಒಟ್ಟಿಗೇ ಮೋಸಹೋದಿರಿ. ಈ ಆಟದಲ್ಲಿ ಅದೂ ಒಂದು ಸುಖವೇ.