ಅವಸರವಿಲ್ಲದ ಬ್ಲೂ ನೈಲ್

1980ರ ದಶಕದ ಪಾಪ್ ಸಂಗೀತವೆಂದರೆ ಮೈಕೆಲ್ ಜಾಕ್ಸನ್, ಮಡೋನಾ ನೆನಪಾಗುತ್ತಾರೆ. ಅದೇ ಕಾಲದಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಪಾಲ್ ಬುಕಾನನ್, ರಾಬರ್ಟ್ ಬೆಲ್, ಪಾಲ್ ಜೋಸೆಫ್ ಮೂರ್ ಎಂಬ ಮೂವರು ‘ದಿ ಬ್ಲೂ ನೈಲ್’ ತಂಡ ಕಟ್ಟಿದ್ದರು. ಗ್ರಾಮಫೋನ್ ತಯಾರಿಕೆಗೆ ಹೆಸರಾದ ಲಿನ್ ಕಂಪನಿ 1984ರಲ್ಲಿ ಅವರ ಮೊದಲ ಆಲ್ಬಂ ಹೊರತಂದಿತು. ಎರಡನೆಯದಾದ ‘ಹ್ಯಾಟ್ಸ್’ ಬಂದದ್ದು 1989ರಲ್ಲಿ. ಎರಡರಲ್ಲೂ ಏಳೇಳು ಹಾಡು, ಅಷ್ಟೆ.

ಹಡಗು ಕಟ್ಟುವ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ, ದುಡಿಯುವ ಜನ ಕೆಲಸ ಕಳೆದುಕೊಂಡ ನಗರವದು. ಆದರೆ ಈ ಹಾಡುಗಳಲ್ಲಿ ಘೋಷಣೆಯಿಲ್ಲ. ಮಳೆ, ಬೀದಿದೀಪ, ತಡರಾತ್ರಿಯ ರೈಲು, ಕೈಜಾರುತ್ತಿರುವ ಪ್ರೀತಿ ಇವೆ. ಆ ದಶಕದ ಬಹುಪಾಲು ತಂಡಗಳು ಸಿಂಥಸೈಜರನ್ನು ಕುಣಿಸಲು ಬಳಸಿದವು. ಇವರು ಅದರಿಂದ ಖಾಲಿ ಬೀದಿಯ ನಿಶ್ಶಬ್ದವನ್ನು ಹೊರಡಿಸಿದರು. ಆ ನಿಶ್ಶಬ್ದದ ನಡುವೆ ಬುಕಾನನ್ ದನಿ, ದಿನವಿಡೀ ದುಡಿದು ಬಂದವನ ಹಾಗೆ ದಣಿದಿದೆ. ಇದು ಬರೀ ವಿಷಾದ ಎನ್ನುವವರ ಮಾತನ್ನು ನಾವು ಒಪ್ಪಲಾರೆವು. ‘ಲೆಟ್ಸ್ ಗೋ ಔಟ್ ಟುನೈಟ್’ ಕೇಳಿ; ಸೋಲು ಖಚಿತವೆಂದು ತಿಳಿದವನೂ ಅಲ್ಲಿ ಇನ್ನೊಮ್ಮೆ ಕರೆಯುತ್ತಾನೆ.

ಟಿವಿಯಲ್ಲಿ ಮುಖ ತೋರಿಸಿದವರಷ್ಟೇ ಗೆಲ್ಲುತ್ತಿದ್ದ ಕಾಲದಲ್ಲಿ ಇವರು ಮೊದಲ ಪ್ರವಾಸ ಕೈಗೊಂಡದ್ದೇ 1990ರಲ್ಲಿ! ಮರೆವಿಗೆ ಅವರ ಪಾಲೂ ಇದೆ. 1996ರ ‘ಪೀಸ್ ಅಟ್ ಲಾಸ್ಟ್’ನಲ್ಲಿ ಗಿಟಾರ್ ಮುಂದೆ ಬಂದು ನಗರ ಮರೆಯಾಯಿತು, ಅದು ನಮಗೆ ನಷ್ಟವೆಂದೇ ತೋರುತ್ತದೆ. 2004ರ ‘ಹೈ’ ಕೊನೆಯದು. ಒಟ್ಟು ನಾಲ್ಕು ಆಲ್ಬಂ, 33 ಹಾಡು.

2024ರಲ್ಲಿ ಟೇಲರ್ ಸ್ವಿಫ್ಟ್ ತಮ್ಮ ಹಾಡೊಂದರಲ್ಲಿ ಇವರ ‘ದಿ ಡೌನ್‌ಟೌನ್ ಲೈಟ್ಸ್’ ಹೆಸರೆತ್ತಿದರು. ಅದರಿಂದ ಹುಡುಕಿಕೊಂಡು ಬರುವ ಎಳೆಯರಿಗೆ ನಮ್ಮದೊಂದೇ ಸಲಹೆ: ‘ಹ್ಯಾಟ್ಸ್’ನಿಂದ ಆರಂಭಿಸಿ, ಅದೂ ರಾತ್ರಿ ಹೊತ್ತು.